ಬಿಳಿ ಲೇಪ, ಉದ್ದ ನೆರಳು

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ನಗರವನ್ನು ಗೂಗಲ್ ಅರ್ಥ್‌ನಲ್ಲಿ ಹುಡುಕಿದವರಿಗೆ ಮೊದಲು ಕಾಣುವುದು ಚೌಕುಳಿ ಬೀದಿಗಳು. ಆಗ್ನೇಯ ದಿಕ್ಕಿನಲ್ಲಿ ಆ ಚೌಕುಳಿ ತಟ್ಟನೆ ನಿಲ್ಲುತ್ತದೆ. ಕಂದು ನೆಲದ ಮೇಲೆ ರಂಗೋಲಿಯ ಎಳೆಗಳಂತೆ ಏನೋ ಸಾಲುಗಟ್ಟಿದೆ. ಇನ್ನಷ್ಟು ಕೆಳಗಿಳಿದರೆ ಎಳೆಗಳಿಗೆ ರೆಕ್ಕೆ ಮೂಡುತ್ತದೆ. ಡೇವಿಸ್-ಮಾಂಥನ್ ವಾಯುನೆಲೆಯ ವಿಮಾನ ದಾಸ್ತಾನು ಅಂಗಳ ಅದು. ಸುಮಾರು 2,600 ಎಕರೆ ಬಯಲಿನಲ್ಲಿ ಸಾವಿರಾರು ಸೇನಾ ವಿಮಾನಗಳು ನಿಂತಿವೆ.

ಲೋಕ ಇದನ್ನು ‘ಬೋನ್‌ಯಾರ್ಡ್’ ಎನ್ನುತ್ತದೆ, ಕನ್ನಡದಲ್ಲಿ ‘ವಿಮಾನಗಳ ಸ್ಮಶಾನ’ ಎಂದು ಬರೆಯುವುದುಂಟು. ಎರಡೂ ಒಪ್ಪುವ ಹೆಸರಲ್ಲ. ಇದು ಸ್ಮಶಾನವಲ್ಲ, ಅಟ್ಟ. ಹಳೆಯ ಮನೆಯ ಅಟ್ಟದಲ್ಲಿ ಮುಂದಿನ ಮಗುವಿಗೆಂದು ಬಟ್ಟೆ ಸುತ್ತಿಟ್ಟ ತೊಟ್ಟಿಲೂ ಇರುತ್ತದೆ, ಕಾಲು ಕಿತ್ತು ಬೇರೆ ಕುರ್ಚಿಗೆ ಜೋಡಿಸಿದ ಮೇಲೆ ಉಳಿದ ಕುರ್ಚಿಯೂ ಇರುತ್ತದೆ. ಯಾವುದು ಮರಳಿ ಕೆಳಗಿಳಿಯುತ್ತದೆ, ಯಾವುದು ಗುಜರಿಗೆ ಹೋಗುತ್ತದೆ ಎಂದು ಆಕಾಶದಿಂದಲೇ ಊಹಿಸುವುದರಲ್ಲಿ ಗೂಗಲ್ ಅರ್ಥ್‌ನಲ್ಲಿ ವಿಮಾನ ಹುಡುಕುವ ಹವ್ಯಾಸದ ಸುಖವೆಲ್ಲ ಇದೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಬಿ-29 ಬಾಂಬರ್‌ಗಳನ್ನೂ ಸಿ-47 ಸಾಗಣೆ ವಿಮಾನಗಳನ್ನೂ ಇಡಲು ಈ ಜಾಗವನ್ನು ಆರಿಸಿದರು. ಹಿರೋಷಿಮಾದ ಮೇಲೆ ಅಣುಬಾಂಬ್ ಹಾಕಿದ ಎನೋಲಾ ಗೇ ವಿಮಾನವೂ ಕೆಲವು ವರ್ಷ ಇಲ್ಲೇ ಇತ್ತು. ಇಲ್ಲಿ ಮಳೆ ಕಡಿಮೆ, ಗಾಳಿ ಒಣ. ಹಾಗಾಗಿ ತುಕ್ಕು ನಿಧಾನ. ಮಣ್ಣಿನಡಿ ಸುಣ್ಣದಂಶ ಬೆರೆತು ಕಲ್ಲಿನಂತೆ ಗಟ್ಟಿಯಾದ ಪದರವಿದೆ. ನೂರು ಟನ್ ತೂಗುವ ವಿಮಾನವನ್ನು ಎಳೆದು ತಂದು ನಿಲ್ಲಿಸಿದರೂ ಚಕ್ರ ಹೂಳುವುದಿಲ್ಲ. ಕಾಂಕ್ರೀಟ್ ಹಾಸುವ ಖರ್ಚು ಉಳಿಯಿತು.

ಹೊಸಬರು ಮೊದಲು ಕಲಿಯಬೇಕಾದದ್ದು ಬಿಳಿ ಬಣ್ಣದ ಭಾಷೆ. ವಿಮಾನದ ಬೆನ್ನು, ಮೂತಿ, ಕಿಟಕಿಗಳ ಮೇಲೆ ಬಿಳಿ ತೇಪೆಗಳಿದ್ದರೆ ಅದನ್ನು ಕಾಪಾಡಲಾಗುತ್ತಿದೆ ಎಂದರ್ಥ. ಇಂಧನದ ಕೊಳವೆಗಳಿಗೆ ತೆಳು ಎಣ್ಣೆ ಹರಿಸಿ ಬಸಿದು, ಸಂದುಗಳನ್ನು ಮುಚ್ಚಿ, ಮೊದಲು ಕಪ್ಪು ಲೇಪ, ಅದರ ಮೇಲೆ ಬಿಸಿಲನ್ನು ಹಿಮ್ಮೆಟ್ಟಿಸುವ ಬಿಳಿ ಲೇಪ ಬಳಿಯುತ್ತಾರೆ. ಮರುಭೂಮಿಯ ಬಿಸಿಲಿನಲ್ಲೂ ವಿಮಾನದ ಒಳಗು ಹೊರಗಿನ ಗಾಳಿಗಿಂತ ತೀರಾ ಹೆಚ್ಚು ಕಾಯದಂತೆ ಆ ಲೇಪ ತಡೆಯುತ್ತದೆ. ಎಂಜಿನ್ ಇರಬೇಕಾದ ಕಡೆ ಖಾಲಿ, ರೆಕ್ಕೆಯ ಅಂಚು ಹಲ್ಲುದುರಿದ ಬಾಯಿಯಂತಿದ್ದರೆ ಅದು ಬಿಡಿಭಾಗಕ್ಕೆಂದು ಬಿಚ್ಚುತ್ತಿರುವ ವಿಮಾನ.

ಎರಡನೆಯ ಪಾಠ ನೆರಳಿನದು. ಭೂಮಿಯ ಚಿತ್ರ ತೆಗೆಯುವ ಹಲವು ಉಪಗ್ರಹಗಳು ಒಂದು ಊರಿನ ಮೇಲೆ ಬೆಳಗಿನ ಹತ್ತೂವರೆಯ ಸುಮಾರಿಗೆ ಹಾದುಹೋಗುತ್ತವೆ. ಆಗ ಟೂಸಾನ್‌ನಲ್ಲಿ ನೆರಳು ವಾಯವ್ಯದ ಕಡೆಗೆ ಚಾಚಿರುತ್ತದೆ. ನೇರ ಮೇಲಿಂದ ಕಾಣದ ಬಾಲದ ಎತ್ತರವನ್ನು ಆ ನೆರಳು ನೆಲದ ಮೇಲೆ ಬರೆದಿಡುತ್ತದೆ. ಬಿ-52 ಬಾಂಬರ್‌ನ ಹಳೆಯ ಡಿ ಮಾದರಿಗೆ ಎತ್ತರದ ಬಾಲ, ನಂತರದ ಜಿ ಮತ್ತು ಎಚ್ ಮಾದರಿಗಳಿಗೆ ಗಿಡ್ಡ ಬಾಲ. ಮೇಲಿಂದ ಅವಳಿಗಳಂತೆ ಕಾಣುವ ಇವು ನೆರಳಿನಲ್ಲಿ ಸಿಕ್ಕಿಬೀಳುತ್ತವೆ. ಪಿ-3 ಓರಿಯನ್‌ನ ಹಿಂಬದಿಯಲ್ಲಿ ಉದ್ದನೆಯ ಮುಳ್ಳು ಚಾಚಿದೆ. ಜಲಾಂತರ್ಗಾಮಿಗಳ ಕಾಂತೀಯ ಸುಳಿವು ಹಿಡಿಯುವ ಸಾಧನ ಅದರಲ್ಲಿರುತ್ತದೆ. ಒಮ್ಮೆ ಕಣ್ಣಿಗೆ ಬಿದ್ದರೆ ಮತ್ತೆ ಮರೆಯುವಂಥದ್ದಲ್ಲ. (ಗೂಗಲ್ ಅರ್ಥ್‌ನಲ್ಲಿ ಕಾಣುವ ಚಿತ್ರಗಳೆಲ್ಲ ಉಪಗ್ರಹದವಲ್ಲ. ನಗರಗಳ ತೀರಾ ಸ್ಪಷ್ಟ ಚಿತ್ರಗಳಲ್ಲಿ ಎಷ್ಟೋ ವಿಮಾನದಿಂದಲೇ ತೆಗೆದವು.)

ಇಷ್ಟು ದೊಡ್ಡ ಸೇನೆ ತನ್ನ ಬಾಂಬರ್‌ಗಳನ್ನು ಹೀಗೆ ಬಯಲಿನಲ್ಲಿ ತೆರೆದಿಟ್ಟಿದೆಯಲ್ಲ, ಮುಚ್ಚುಮರೆ ಬೇಡವೇ ಎಂದು ಅಚ್ಚರಿಪಡುವವರಿದ್ದಾರೆ. ಅಂಗಳದ ಅತಿ ರೋಚಕ ಅಧ್ಯಾಯ ಇರುವುದು ಇದರಲ್ಲೇ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ 1991ರ ಜುಲೈನಲ್ಲಿ ಸಹಿ ಹಾಕಿದ ಸ್ಟಾರ್ಟ್ ಒಪ್ಪಂದದ ಪ್ರಕಾರ ಎರಡೂ ಕಡೆ ಅಣ್ವಸ್ತ್ರ ಒಯ್ಯುವ ಬಾಂಬರ್‌ಗಳು ಕಡಿಮೆಯಾಗಬೇಕಿತ್ತು. ನಾಶ ಮಾಡಿದೆವು ಎಂಬ ಬಾಯಿಮಾತನ್ನು ಯಾರೂ ನಂಬುತ್ತಿರಲಿಲ್ಲ. ಆದ್ದರಿಂದ ಇಲ್ಲಿ 365 ಬಿ-52ಗಳನ್ನು ಎಳೆದು ತಂದು, 13,000 ಪೌಂಡ್ ತೂಕದ ಉಕ್ಕಿನ ಅಲಗನ್ನು ಕ್ರೇನ್‌ನಿಂದ ಮೇಲೆತ್ತಿ ಅವುಗಳ ಮೇಲೆ ಬೀಳಿಸಿದರು. ಬಾಲ ಬೇರೆ, ರೆಕ್ಕೆ ಬೇರೆ, ಒಡಲು ತುಂಡು ತುಂಡು. ಆ ತುಂಡುಗಳನ್ನು 90 ದಿನ ಕದಲಿಸದೆ ಹಾಗೆಯೇ ಬಿಟ್ಟರು. ಆ ಕಡೆಯವರ ಉಪಗ್ರಹ ಹಾದುಹೋಗುವಾಗ ಎಣಿಸಿಕೊಳ್ಳಲಿ ಎಂದು!

ಹಾಗೆ ನೋಡಿದರೆ ಆಕಾಶದ ಕಣ್ಣಿಗೆಂದೇ ಜೋಡಿಸಿಟ್ಟ ನೆಲ ಇದು. ಅಂದು ಆ ಎಣಿಕೆ ಗುಪ್ತಚರ ಇಲಾಖೆಯ ಚಿತ್ರತಜ್ಞರ ಕೆಲಸವಾಗಿತ್ತು. 1999ರಲ್ಲಿ ಉಡಾವಣೆಯಾದ ಇಕೊನೊಸ್ ಉಪಗ್ರಹ ಒಂದು ಮೀಟರ್ ಸ್ಪಷ್ಟತೆಯ ಚಿತ್ರಗಳನ್ನು ಮಾರಾಟಕ್ಕೆ ತಂದಿತು, 2005ರಲ್ಲಿ ಗೂಗಲ್ ಅರ್ಥ್ ಬಂತು. ಈಗ ಯಾವ ಶಾಲೆಯ ಹುಡುಗಿಯಾದರೂ ಅದೇ ಕೆಲಸವನ್ನು ಮೊಬೈಲಿನಲ್ಲಿ ಮಾಡಬಲ್ಲಳು. ಇದು ಸಣ್ಣ ಬದಲಾವಣೆಯಲ್ಲ.

ಹಳೆಯ ಚಿತ್ರಗಳಿಗೆ ಹಿಂದಿರುಗುವ ಸೌಲಭ್ಯ 2009ರಲ್ಲಿ ಸೇರಿದ ಮೇಲೆ ನೋಟಕ್ಕೆ ಕಾಲವೂ ಕೂಡಿಕೊಂಡಿತು. ಎಫ್-14 ಟಾಮ್‌ಕ್ಯಾಟ್‌ಗಳ ಕಥೆಯನ್ನೇ ನೋಡಬಹುದು. ಅಮೆರಿಕದ ನೌಕಾಪಡೆ 2006ರಲ್ಲಿ ಅವುಗಳನ್ನು ನಿವೃತ್ತಿಗೊಳಿಸಿತು. ಆ ಬಳಿಕ ಅವನ್ನು ಹಾರಿಸುವ ದೇಶ ಉಳಿದದ್ದು ಇರಾನ್ ಒಂದೇ. ಬಿಡಿಭಾಗ ಹೇಗೋ ಅಲ್ಲಿಗೆ ತಲುಪೀತು ಎಂಬ ಭಯಕ್ಕೆ ದಾಸ್ತಾನಿನಲ್ಲಿದ್ದ ಟಾಮ್‌ಕ್ಯಾಟ್‌ಗಳನ್ನು 2007ರಿಂದ ಯಂತ್ರಕ್ಕೆ ಕೊಟ್ಟು ಚೂರು ಮಾಡಿಸಿದರು. ಅಷ್ಟು ಸುಂದರ ವಿಮಾನಕ್ಕೆ ಅಂಥ ಕೊನೆ ಬರಬಾರದಿತ್ತು.

ಅಟ್ಟದಿಂದ ಇಳಿದು ಬಂದವೂ ಇವೆ. ‘ಘೋಸ್ಟ್ ರೈಡರ್’ ಹೆಸರಿನ ಬಿ-52ಎಚ್ 2008ರಲ್ಲಿ ಇಲ್ಲಿಗೆ ಬಂದಿತ್ತು. ಬೆಂಕಿಯಿಂದ ಹಾಳಾದ ಇನ್ನೊಂದು ಬಾಂಬರ್‌ನ ಜಾಗ ತುಂಬಲು 2015ರ ಫೆಬ್ರುವರಿಯಲ್ಲಿ ಅದು ಲೂಸಿಯಾನಾಕ್ಕೆ ಹಾರಿತು. ಹತ್ತು ವರ್ಷ ಬಿಸಿಲಲ್ಲಿ ನಿಂತಿದ್ದ ‘ವೈಸ್ ಗೈ’ 2019ರ ಮೇ ತಿಂಗಳಲ್ಲಿ ಹೊರಟಿತು.

ಈ ಭಾನುವಾರ ಬಿಡುವಿದ್ದವರು ಟೂಸಾನ್‌ನ ಆಗ್ನೇಯಕ್ಕೆ ಇಳಿದು, ಅಳತೆಪಟ್ಟಿಯನ್ನು ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದು ನೋಡಲಿ. 40 ಮೀಟರ್ ಬಂದರೆ ಸಿ-130 ಹರ್ಕ್ಯುಲಿಸ್, 56 ಬಂದರೆ ಬಿ-52, 68 ಬಂದರೆ ಭಾರೀ ಸಾಗಣೆಯ ಸಿ-5.