ಮಿಲಾನ್ ಹೋಜಾ: ತಡವಾಗಿ ತೆರೆದ ಬಾಗಿಲು

ಜೆಕೊಸ್ಲೊವಾಕಿಯದ ಗಡಿನಾಡನ್ನು ಹಿಟ್ಲರನಿಗೆ ಬಿಟ್ಟುಕೊಟ್ಟ 1938ರ ಮ್ಯೂನಿಕ್ ಒಪ್ಪಂದದ ದುರಂತದ ಮಾತು ಬಂದಾಗಲೆಲ್ಲ ಆ ದೇಶದ ಅಧ್ಯಕ್ಷ ಬೆನೆಶ್ ನೆನಪಾಗುತ್ತಾರೆ. ಆ ಬಿಕ್ಕಟ್ಟು ಬೆಳೆಯುತ್ತಿದ್ದಷ್ಟೂ ಕಾಲ ಪ್ರಧಾನಿಯಾಗಿದ್ದ ಮಿಲಾನ್ ಹೋಜಾ ಅವರನ್ನು ನೆನೆಯುವವರು ಕಡಿಮೆ. ಇದು ಅನ್ಯಾಯ. ಮಧ್ಯ ಯುರೋಪಿನ ರೋಗವನ್ನು ಅವರಷ್ಟು ಚೆನ್ನಾಗಿ ಅರಿತವರು ವಿರಳ. ಮದ್ದು ಕೊಡುವಾಗ ಮಾತ್ರ ಹೊತ್ತು ಮೀರಿತ್ತು.

1878ರಲ್ಲಿ ಸ್ಲೊವಾಕಿಯದ ಸುಚಾನಿಯಲ್ಲಿ ಲೂಥರನ್ ಪಾದ್ರಿಯ ಮನೆಯಲ್ಲಿ ಹುಟ್ಟಿದ ಹೋಜಾ, 1905ರಲ್ಲಿ ಬುಡಾಪೆಸ್ಟಿನ ಸಂಸತ್ತು ಸೇರಿದರು. ಹಲವು ಜನಾಂಗಗಳ ಆಸ್ಟ್ರಿಯ-ಹಂಗೆರಿ ಸಾಮ್ರಾಜ್ಯದಲ್ಲಿ ಅಲ್ಪಸಂಖ್ಯಾತರ ಪರವಾಗಿ ವಾದಿಸುತ್ತ ಚೌಕಾಶಿಯ ರಾಜಕಾರಣ ಕಲಿತರು. ಜೆಕೊಸ್ಲೊವಾಕ್ ಗಣರಾಜ್ಯ ಬಂದ ಮೇಲೆ ರೈತರ ಪಕ್ಷದ ಮುಂದಾಳಾದರು. 1935ರ ನವೆಂಬರಿನಲ್ಲಿ ಪ್ರಧಾನಿಯಾದರು. ಆ ಹುದ್ದೆಗೇರಿದ ಮೊದಲ ಸ್ಲೊವಾಕ್ ಅವರೇ.

ಅವರ ದೊಡ್ಡ ಪ್ರಯತ್ನ 1936ರ ಡ್ಯಾನ್ಯೂಬ್ ಯೋಜನೆ. ಜೆಕೊಸ್ಲೊವಾಕಿಯ, ರುಮೇನಿಯ, ಯುಗೊಸ್ಲಾವಿಯಗಳ ಜೊತೆ ಆಸ್ಟ್ರಿಯ, ಹಂಗೆರಿಗಳನ್ನೂ ವ್ಯಾಪಾರದ ಮೂಲಕ ಬೆಸೆದರೆ ಜರ್ಮನಿಯ ಹಿಡಿತ ಸಡಿಲವಾಗುತ್ತದೆ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಹಂಗೆರಿ, ರುಮೇನಿಯಗಳ ಬಳಿ ಮಾರಲು ಇದ್ದದ್ದು ಮುಖ್ಯವಾಗಿ ಧಾನ್ಯ. ಅದು ಅಗ್ಗವಾಗಿ ಬಂದರೆ ಹೋಜಾ ಪಕ್ಷದ ರೈತರೇ ಮುಳುಗುತ್ತಿದ್ದರು. ಕೃಷಿ ಸಚಿವರಾಗಿದ್ದಾಗ, 1934ರಲ್ಲಿ, ಧಾನ್ಯ ವ್ಯಾಪಾರವನ್ನು ಏಕಸ್ವಾಮ್ಯಕ್ಕೆ ಒಳಪಡಿಸಿ ಆ ರೈತರನ್ನು ಕಾಪಾಡಿದವರೂ ಹೋಜಾರೇ. ಪ್ರಾಗ್ ಖರೀದಿಸದ ಧಾನ್ಯಕ್ಕೆ ಬರ್ಲಿನ್ ಗಿರಾಕಿಯಾಯಿತು. ಧಾನ್ಯದ ಹಿಂದೆಯೇ ರಾಜಕೀಯ ಪ್ರಭಾವವೂ ಹರಿಯಿತು.

ದೇಶದೊಳಗೂ ಇದೇ ಕಥೆ. 1937ರ ಫೆಬ್ರುವರಿಯಲ್ಲಿ, ಗಣರಾಜ್ಯಕ್ಕೆ ನಿಷ್ಠರಾಗಿದ್ದ ಜರ್ಮನ್ ಪಕ್ಷಗಳಿಗೆ ಸರ್ಕಾರಿ ನೌಕರಿಯಲ್ಲಿ ನ್ಯಾಯವಾದ ಪಾಲು, ಜರ್ಮನ್ ಪ್ರದೇಶದ ಗುತ್ತಿಗೆಗಳು ಅಲ್ಲಿನವರಿಗೇ ಎಂಬ ಭರವಸೆಗಳನ್ನು ಕೊಟ್ಟರು. ನ್ಯಾಯವಾದ ಹೆಜ್ಜೆಯೇ. ಆದರೆ 1935ರ ಚುನಾವಣೆಯಲ್ಲೇ ಹಿಟ್ಲರನತ್ತ ವಾಲಿದ ಸುಡೇಟನ್ ಜರ್ಮನ್ ನಾಯಕ ಹೆನ್ಲೈನ್‌ನ ಪಕ್ಷ ಇಡೀ ದೇಶದಲ್ಲಿ ಅತಿಹೆಚ್ಚು ಮತ ಪಡೆದಾಗಿತ್ತು. ಇತ್ಯರ್ಥ ಬೇಕಿಲ್ಲದ ಹೆನ್ಲೈನ್ ಜೊತೆ ಚೌಕಾಶಿ ನಡೆಯುವುದಿಲ್ಲವೆಂಬುದನ್ನು ಹೋಜಾ ಬೇಗ ಗ್ರಹಿಸಬೇಕಿತ್ತು. ಸ್ಲೊವಾಕಿಯಕ್ಕೆ ಸ್ವಾಯತ್ತತೆ ಕೇಳುತ್ತಿದ್ದ ಹ್ಲಿಂಕಾ ಪಕ್ಷದ ಜೊತೆಗಿನ ಮಾತುಕತೆಯೂ ಫಲ ಕೊಡಲಿಲ್ಲ.

1938ರ ಸೆಪ್ಟೆಂಬರ್ 22ರಂದು, ಜರ್ಮನಿಗೆ ಗಡಿನಾಡು ಬಿಟ್ಟುಕೊಡುವಂತೆ ಬ್ರಿಟನ್ ಮತ್ತು ಫ್ರಾನ್ಸ್ ಹೇರಿದ ಒತ್ತಡಕ್ಕೆ ಮಣಿದ ಸರ್ಕಾರದ ವಿರುದ್ಧ ಜನ ಬೀದಿಗಿಳಿದಾಗ, ಅವರು ರಾಜೀನಾಮೆ ಕೊಟ್ಟರು. ದೇಶಾಂತರದಲ್ಲಿ, 1942ರಲ್ಲಿ, ಮಧ್ಯ ಯುರೋಪಿನ ಒಕ್ಕೂಟದ ಬಗ್ಗೆ ಪುಸ್ತಕ ಬರೆದರು. 1944ರಲ್ಲಿ ಫ್ಲಾರಿಡಾದಲ್ಲಿ ತೀರಿಕೊಂಡರು.

ಮಿತ್ರರು ಕೈಬಿಟ್ಟದ್ದು ಹೋಜಾರ ತಪ್ಪಲ್ಲ. ಆದರೂ ಒಂದು ಹೊಣೆ ಅವರದೇ. ನೆರೆಹೊರೆಯ ಒಗ್ಗಟ್ಟು ಬಯಸುವ ನಾಯಕ ಅದಕ್ಕೆ ತೆರಬೇಕಾದ ಬೆಲೆಗೆ ಮೊದಲು ತನ್ನ ಮತದಾರರನ್ನು ಒಪ್ಪಿಸಬೇಕು. ರೈತರು ನಂಬಿದ್ದ ಹೋಜಾ ಅವರಿಗೆ ಆ ಶಕ್ತಿಯಿತ್ತು. ಅದನ್ನು ಕಾಲವಿದ್ದಾಗಲೇ ಬಳಸದೆ ಹೋದದ್ದು ಅವರ ರಾಜಕಾರಣದ ನಿಜವಾದ ಸೋಲು.