ಕಂಕಭಟ್ಟನ ಸಂಬಳ

ಗದುಗಿನ ಭಾರತದ ಸಭಾಪರ್ವವನ್ನು ನಾವು ತರಗತಿಗಳಲ್ಲಿ ಓದುವ ಕ್ರಮ ಹೆಚ್ಚುಕಡಿಮೆ ನಿಶ್ಚಿತ. ಶಕುನಿಯ ಕಪಟ, ಧರ್ಮರಾಯನ ಚಪಲ, ದ್ರೌಪದಿಯ ಪ್ರಶ್ನೆ, ಭೀಮನ ಸಿಟ್ಟು. ಜೂಜು ಅಲ್ಲಿ ಒಂದು ವ್ಯಸನ, ಮನೆಹಾಳು ವಿದ್ಯೆ. ಪರೀಕ್ಷೆಗೆ ಬರುವುದೂ ಅದೇ. ಆದರೆ ಅದೇ ಧರ್ಮರಾಯ ಎರಡು ಪರ್ವಗಳಾಚೆ, ವಿರಾಟನ ಆಸ್ಥಾನದಲ್ಲಿ, ಒಂದು ವರ್ಷ ಪೂರ್ತಿ ನೆತ್ತವಾಡಿಯೇ ಹೊಟ್ಟೆ ಹೊರೆಯುತ್ತಾನೆ. ಅದರ ಬಗ್ಗೆ ಯಾರಾದರೂ ಒಂದು ಟಿಪ್ಪಣಿ ಬರೆಸಿದ್ದು ನನಗೆ ನೆನಪಿಲ್ಲ. ಭೀಮ ಅಡುಗೆಯವನು, ಅರ್ಜುನ ನಾಟ್ಯದ ಮೇಷ್ಟ್ರು, ನಕುಲ ಕುದುರೆ ನೋಡುವವನು, ಸಹದೇವ ದನ ಕಾಯುವವನು, ದ್ರೌಪದಿ ಸೈರಂಧ್ರಿ. ಇವೆಲ್ಲ ಕೆಲಸಗಳೆಂದು ತಟ್ಟನೆ ಒಪ್ಪುತ್ತೇವೆ. ಕಂಕನದು ಕೆಲಸವೋ ಅಲ್ಲವೋ?

ಪ್ರಶ್ನೆ ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ, ದಾವಣಗೆರೆಯ ಬಾಡಿಗೆ ರೂಮಿನಲ್ಲಿ. ಜೊತೆಗಿದ್ದವನು ಹರಿಹರದವನು, ನನ್ನ ಹಾಗೇ ಸಂಶೋಧನಾ ವಿದ್ಯಾರ್ಥಿ. ಫೆಲೋಶಿಪ್ ತಿಂಗಳುಗಟ್ಟಲೆ ಬಾರದೆ ಹೋದಾಗ ಮೊಬೈಲಿನಲ್ಲಿ ಪೋಕರ್ ಆಡಲು ಕೂತ. ಚೆನ್ನಾಗಿಯೇ ಆಡುತ್ತಿದ್ದ. ಒಂದು ರಾತ್ರಿ ಕೇಳಿದ: "ಇದನ್ನೇ ಫುಲ್ ಟೈಂ ಮಾಡಿದ್ರೆ ಹೆಂಗಲೇ?" ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ದಾವಣಗೆರೆ, ಮೈಸೂರು ಕಿರ್ಲೋಸ್ಕರ್ ಮುಚ್ಚಿದ ಹರಿಹರ. ಇಂಥ ಜೋಡಿ ಊರಿನಲ್ಲಿ 'ತಿಂಗಳ ಸಂಬಳ' ಎಂಬ ಮಾತಿಗೆ ಇರುವ ತೂಕ ಗೊತ್ತಿದ್ದವರಿಗೆ ಈ ಪ್ರಶ್ನೆ ತಮಾಷೆಯಾಗಿ ಕೇಳಿಸದು.

ಪೋಕರನ್ನು ಯುಗಾದಿಯ ಅಂದರ್-ಬಾಹರ್ ಜೊತೆ ಒಂದೇ ಗಂಟಿಗೆ ಕಟ್ಟುವುದು ಸರಿಯಲ್ಲ. ಅಂದರ್-ಬಾಹರ್‌ನಲ್ಲಿ ಎಲೆ ಯಾವ ಕಡೆ ಬೀಳುತ್ತದೆಂದು ಕಾಯುವುದಷ್ಟೇ ಆಟ. ಓಸಿಯೂ ಹಾಗೇ. (ಮಟ್ಕಾ ಶುರುವಾದದ್ದು ನ್ಯೂಯಾರ್ಕಿನಿಂದ ಮುಂಬೈಗೆ ಬರುತ್ತಿದ್ದ ಹತ್ತಿಯ ಓಪನಿಂಗ್, ಕ್ಲೋಸಿಂಗ್ ದರಗಳ ಮೇಲಿನ ಬಾಜಿಯಾಗಿ. ಹತ್ತಿಯಿಂದ ಬೆಳೆದ ನಮ್ಮೂರಿನಲ್ಲಿ ಗಿರಣಿ ಹೋದರೂ ಓಸಿ ಉಳಿದದ್ದನ್ನು ಯಾರಾದರೂ ಕಥೆಗಾರರು ಬರೆಯಬೇಕು.) ಪೋಕರಿನಲ್ಲಿ ಹಾಗಲ್ಲ. ಕೈಯಲ್ಲಿ ಎರಡು, ನಡುವೆ ಮೂರು ಎಲೆ ಬಿದ್ದು, ಅವುಗಳಲ್ಲಿ ನಾಲ್ಕು ಒಂದೇ ಜಾತಿಯವಾದರೆ, ಬರಲಿರುವ ಎರಡು ಎಲೆಗಳಲ್ಲಿ ಐದನೆಯದು ಸಿಗುವ ಸಾಧ್ಯತೆ ಸುಮಾರು ಶೇ. 35. ಎಷ್ಟು ಹಣಕ್ಕೆ ಆ ಶೇ. 35 ಲಾಭದ ಬಾಜಿ, ಎಷ್ಟಕ್ಕೆ ನಷ್ಟದ್ದು ಎಂಬುದನ್ನು ಲೆಕ್ಕ ಹಾಕಬಲ್ಲವನು ದೀರ್ಘಕಾಲದಲ್ಲಿ ಲೆಕ್ಕ ಬಾರದವನಿಗಿಂತ ಮುಂದಿರುತ್ತಾನೆ. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1968ರಲ್ಲೇ ಹೇಳಿತ್ತು. 2013ರಲ್ಲಿ ಪೋಕರ್ ಬಗ್ಗೆಯೂ ನಮ್ಮ ಹೈಕೋರ್ಟ್, ಕೌಶಲದ ಆಟವಾಗಿ ಆಡಿದರೆ ಲೈಸೆನ್ಸ್ ಬೇಕಿಲ್ಲ ಎಂದಿತು. ಆನ್‌ಲೈನ್ ಆಟಗಳನ್ನು ನಿಷೇಧಿಸಿದ ರಾಜ್ಯದ 2021ರ ತಿದ್ದುಪಡಿಯನ್ನು ಅದೇ ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿತು.

ನಮ್ಮ ಕಾವ್ಯಕ್ಕೆ ಈ ವ್ಯತ್ಯಾಸ ಗೊತ್ತಿಲ್ಲವೆಂದಲ್ಲ. ನಾವು ಓದುವಾಗ ಬಿಡುತ್ತೇವೆ. ಹರಿಹರದ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ. ಅದೇ ಜಿಲ್ಲೆಯ ಕಾಗಿನೆಲೆಯ ಕನಕದಾಸರು 'ನಳಚರಿತ್ರೆ' ಬರೆದರು. ನಳ ಪುಷ್ಕರನಿಗೆ ಸೋತದ್ದು, ದಮಯಂತಿಯನ್ನು ಕಾಡಿನಲ್ಲಿ ಬಿಟ್ಟುಹೋದದ್ದು ಎಲ್ಲರಿಗೂ ಬಾಯಿಪಾಠ. ವ್ಯಾಸಭಾರತದ ನಳೋಪಾಖ್ಯಾನದಲ್ಲಿ ಇನ್ನೊಂದು ಗಳಿಗೆ ಇದೆ. ರಥದಲ್ಲಿ ಹೋಗುತ್ತಿದ್ದ ಋತುಪರ್ಣ ದಾರಿಬದಿಯ ತಾರೆಮರ ನೋಡಿ, ಅದರ ಎರಡು ಕೊಂಬೆಗಳಲ್ಲಿ 2,095 ಹಣ್ಣು ಇವೆ ಎನ್ನುತ್ತಾನೆ. ಬಾಹುಕನ ವೇಷದ ನಳ ಮರ ಕೆಡವಿ ಎಣಿಸಿದರೆ ಲೆಕ್ಕ ತಾಳೆಯಾಗುತ್ತದೆ. ಎಣಿಕೆಯ ಈ ವಿದ್ಯೆ ಮತ್ತು ದಾಳದ ವಿದ್ಯೆ ಎರಡೂ ಒಂದೇ, ಅದೇ ಅಕ್ಷಹೃದಯ. ಆ ಕಾಲದ ದಾಳ ತಾರೆಕಾಯಿಯದೇ ಎಂಬುದನ್ನು ನೆನೆದರೆ ದೃಶ್ಯ ಇನ್ನೂ ಚುರುಕಾಗುತ್ತದೆ. ಸಂಭವನೀಯತೆಯ ಕಲ್ಪನೆಯ ಚರಿತ್ರೆ ಬರೆದ ಇಯಾನ್ ಹ್ಯಾಕಿಂಗ್ ತಮ್ಮ 1975ರ ಪುಸ್ತಕದಲ್ಲಿ ಈ ಕಥೆಯನ್ನು ಗಮನಿಸಿದ್ದಾರೆ. ವಿದ್ಯೆ ಕಲಿತ ನಳ ಮರಳಿ ಬಂದು ಒಂದೇ ಆಟದಲ್ಲಿ ರಾಜ್ಯ ಗೆಲ್ಲುತ್ತಾನೆ, ಪುಷ್ಕರನನ್ನು ಕ್ಷಮಿಸಿ ಕಳಿಸುತ್ತಾನೆ, ಅಲ್ಲಿಗೆ ಆಟ ಮುಗಿಯಿತು. ಅವನಿಗೆ ಅದು ಕಸುಬಲ್ಲ.

ಕಸುಬಾದದ್ದು ಆ ಕಥೆ ಕೇಳಿಸಿಕೊಂಡವನಿಗೆ. ಅರಣ್ಯಪರ್ವದಲ್ಲಿ ಬೃಹದಶ್ವ ಮುನಿ ನಳನ ಕಥೆ ಹೇಳುವುದು ಧರ್ಮರಾಯನಿಗೆ. ಕಥೆ ಮುಗಿಸಿ ಅಕ್ಷಹೃದಯವನ್ನೂ ಕಲಿಸುತ್ತಾನೆ. ಅಂದರೆ ವಿರಾಟನ ಬಾಗಿಲಿಗೆ ಬಂದ ಕಂಕ, ಹಸ್ತಿನಾವತಿಯಲ್ಲಿ ಸೋತವನಲ್ಲ, ಆಟ ಕಲಿತು ಬಂದವನು. ರಾಜನ ಜೊತೆ ಆಡಿ ಗೆದ್ದ ಹಣವನ್ನು ರಾಜನಿಗೆ ತಿಳಿಯದಂತೆ ತಮ್ಮಂದಿರಿಗೆ ಹಂಚುತ್ತಿದ್ದನೆಂದು ವ್ಯಾಸಭಾರತ ಹೇಳುತ್ತದೆ. ಹಾನಗಲ್ಲಿನವರು ತಮ್ಮೂರೇ ವಿರಾಟನಗರ ಎನ್ನುತ್ತಾರೆ. ಅವರ ಮಾತು ನಂಬಿದರೆ, ನಮ್ಮ ಕಾವ್ಯಪರಂಪರೆಯ ಒಬ್ಬನೇ ಫುಲ್ ಟೈಂ ಆಟಗಾರ ಹರಿಹರದಿಂದ ಅರ್ಧ ದಿನದ ದಾರಿಯೂ ಅಲ್ಲದ ಕಡೆ ದುಡಿದ.

ಕಂಕನ ಬದುಕು ನಡೆದದ್ದು ಹೇಗೆ ಎಂಬುದೇ ನನ್ನ ಓದಿನ ಹುರುಳು. ವಿದ್ಯೆಯೊಂದರಿಂದಲ್ಲ. ಅನ್ನ, ವಸತಿ ಅರಮನೆಯದು. ಎದುರಿಗೆ ಒಬ್ಬನೇ ಆಟಗಾರ, ಅವನು ಸಿರಿವಂತ, ಆಟದಲ್ಲಿ ಕಂಕನಿಗೆ ಸಾಟಿಯಲ್ಲ, ಸೋತರೂ ನಾಳೆ ಮತ್ತೆ ಕೂರುತ್ತಾನೆ. ನಡುವೆ ಪಾಲು ಕೀಳುವವರಿಲ್ಲ. ಇಂಥ ಮೇಜು ಸಿಕ್ಕರೆ ಪೋಕರಿನಲ್ಲಿ ಯಾರೂ ಬದುಕಬಹುದು. ನನ್ನ ಗೆಳೆಯನ ಮೇಜು ಬೇರೆ. ಆರು ಜನ ತಲಾ 5,000 ತಂದರೆ ಮೇಜಿನ ಮೇಲೆ 30,000. ರಾತ್ರಿಯಿಡೀ ಎಲ್ಲ ಕೈಗಳ ಪಣ ಸೇರಿ ಒಂದು ಲಕ್ಷ ಓಡಾಡಿತು, ಆಡಿಸುವವನು ಶೇ. 5 ಹಿಡಿದ ಎಂದುಕೊಳ್ಳಿ. ಒಬ್ಬನ ಪೂರ್ತಿ ಬಂಡವಾಳ ಯಾರೂ ಗೆಲ್ಲದೆಯೇ ಮಾಯ. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ ಶೇ. 30 ಟಿಡಿಎಸ್. ಈ ವರ್ಷದ ಸೋಲನ್ನು ಮುಂದಿನ ವರ್ಷದ ಗೆಲುವಿನಲ್ಲಿ ಕಳೆಯುವಂತಿಲ್ಲ. ಅದೇ ಅಕ್ಟೋಬರ್‌ನಲ್ಲಿ ಆಟಕ್ಕೆ ಹಾಕಿದ ಹಣದ ಮೇಲೆಯೇ ಶೇ. 28 ಜಿಎಸ್‌ಟಿ ಬಂದಿತ್ತು. ಇಷ್ಟನ್ನೂ ಮೀರಿ ಉಳಿಯಬೇಕೆಂದರೆ ಎದುರಿನವರು ಒಂದಿಷ್ಟಲ್ಲ, ಬಹಳ ದಡ್ಡರಾಗಿರಬೇಕು. ದಡ್ಡರು ಹಣ ಮುಗಿದ ಮೇಲೆ ಎದ್ದು ಹೋಗುತ್ತಾರೆ, ಅವರು ವಿರಾಟರಲ್ಲ. ಕೊನೆಗೆ ಮೇಜಿನಲ್ಲಿ ಉಳಿಯುವುದು ಲೆಕ್ಕ ಬಲ್ಲ ಆರು ಮಂದಿ ಕಂಕರು.

ಗೆಳೆಯ ನೋಟ್‌ಬುಕ್ಕಿನಲ್ಲಿ ಪ್ರಾಮಾಣಿಕವಾಗಿ ಲೆಕ್ಕ ಇಟ್ಟಿದ್ದ. ಹನ್ನೊಂದು ತಿಂಗಳಲ್ಲಿ ಏಳು ಲಾಭದವು, ನಾಲ್ಕು ನಷ್ಟದವು. ಉಳಿದದ್ದು ಮೆಸ್ ಬಿಲ್ಲಿಗೆ ಸಾಕು, ರೂಮ್ ಬಾಡಿಗೆಗೆ ಸಾಲದು. ಇದನ್ನು ಸೋಲು ಎನ್ನಲಾಗದು. ಕೌಶಲ ಇದ್ದೂ ಸಂಬಳ ಹುಟ್ಟದ ಜಾಗ ಇದು, ಸಂಶೋಧನಾ ವಿದ್ಯಾರ್ಥಿಗಳಿಗೆ ಅಪರಿಚಿತವೇನಲ್ಲ. 2003ರಲ್ಲಿ ಅಮೆರಿಕದ ಅಕೌಂಟೆಂಟ್ ಕ್ರಿಸ್ ಮನಿಮೇಕರ್ 86 ಡಾಲರ್ ಹಾಕಿ ವಿಶ್ವ ಪಂದ್ಯದಲ್ಲಿ 25 ಲಕ್ಷ ಡಾಲರ್ ಗೆದ್ದ ಕಥೆಯನ್ನು ಅವನು ಆಗಾಗ ಹೇಳುತ್ತಿದ್ದ. ಅದು ನಳನ ಕೊನೆಯ ಆಟದಂಥ ಕಥೆ. ಒಂದು ಸಲ ನಡೆಯುವಂಥದ್ದು ಕಥೆಯಾಗುತ್ತದೆ, ಬಾಡಿಗೆ ಪ್ರತಿ ತಿಂಗಳು ಬರುತ್ತದೆ. 2025ರ ಆಗಸ್ಟ್ 22ರಂದು ಅಂಕಿತ ಬಿದ್ದ ಕೇಂದ್ರ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನು ಕೌಶಲ, ಅದೃಷ್ಟ ಎಂದು ನೋಡದೆ ನಿಷೇಧಿಸಿತು. ಆ್ಯಪ್‌ನಲ್ಲಿ ಹಣದ ಮೇಜು ಮುಚ್ಚಿತು. ಅವನ ಪ್ರಶ್ನೆಗೆ ಕಾನೂನು ಉತ್ತರ ಕೊಟ್ಟಿತೆಂದು ನಾನು ತಿಳಿಯುವುದಿಲ್ಲ, ಉತ್ತರ ಅವನ ನೋಟ್‌ಬುಕ್ಕಿನಲ್ಲಿ ಮೊದಲೇ ಇತ್ತು.

ಋಗ್ವೇದದ ಅಕ್ಷಸೂಕ್ತ ದಾಳ ಬಿಟ್ಟು ಹೊಲ ಉಳು ಎನ್ನುತ್ತದೆ. ಮೆಕ್ಕೆಜೋಳದ ರೇಟಿಗೆ ಕಾದು ಕೂರುವ ನಮ್ಮ ಜಿಲ್ಲೆಯ ರೈತರಿಗೆ ಈ ಬುದ್ಧಿಮಾತು ಹೇಳಲು ನನಗಂತೂ ಬಾಯಿ ಬಾರದು. ಅದಕ್ಕಿಂತ ನನಗೆ ಹತ್ತಿರವಾಗುವುದು ಉತ್ತರಕುಮಾರ ಗೆದ್ದ ಸುದ್ದಿ ಬಂದ ದಿನ. ಹಿಗ್ಗಿದ ವಿರಾಟ ದಾಳ ತರಿಸುತ್ತಾನೆ. ಬೃಹನ್ನಳೆಯಿಂದಲೇ ಗೆಲುವು ಎಂದು ಕಂಕ ಮತ್ತೆ ಮತ್ತೆ ಹೇಳಿದ್ದಕ್ಕೆ ಅದೇ ದಾಳವನ್ನು ಅವನ ಮುಖಕ್ಕೆ ಎಸೆಯುತ್ತಾನೆ, ರಕ್ತ ನೆಲಕ್ಕೆ ಬೀಳದಂತೆ ಸೈರಂಧ್ರಿ ಪಾತ್ರೆ ಹಿಡಿಯುತ್ತಾಳೆ. ಇದನ್ನು ನಾಟಕೀಯ ವ್ಯಂಗ್ಯವೆಂದು ಗುರುತಿಸಿ ಮುಂದೆ ಹೋಗುವುದು ವಾಡಿಕೆ. ಅದಕ್ಕೂ ಮುಂಚಿನ ಮಾತೊಂದು ವ್ಯಾಸಭಾರತದಲ್ಲಿದೆ. ಹಿಗ್ಗಿನಲ್ಲಿರುವವನ ಜೊತೆ ಆಡಬಾರದು, ಯುಧಿಷ್ಠಿರನೆಂಬವನು ಆಡಿ ರಾಜ್ಯವನ್ನೇ ಕಳೆದುಕೊಂಡ, ನನಗೆ ಜೂಜು ಸೇರದು ಎಂದು ಕಂಕ ಧಣಿಗೆ ಎಚ್ಚರಿಕೆ ಹೇಳುತ್ತಾನೆ. ಹೇಳಿ, ನಿನಗೆ ಬೇಕೆಂದರೆ ಆಡೋಣ ಎಂದು ಕೂರುತ್ತಾನೆ.