ಕೊಪಣ ಸೀಮೆ ಮತ್ತು ಕಾವ್ಯಪರಿಭಾಷೆಯ ಬೋಧನೆ

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳೊಡನೆ ಕೊಪಣವನ್ನು, ಎಂದರೆ ಇಂದಿನ ಕೊಪ್ಪಳವನ್ನು, ಹೆಸರಿಸಿರುವುದು ಸರ್ವವಿದಿತ. ಈ ಉಲ್ಲೇಖವನ್ನು ಸ್ಥಳಾಭಿಮಾನಕ್ಕೆ ಬಳಸಿಕೊಂಡಷ್ಟು ಸಾಹಿತ್ಯಬೋಧನೆಗೆ ನಾವು ಬಳಸಿಕೊಂಡಿಲ್ಲ. ಸೀಮಾವರ್ಣನೆಯ ಬೆನ್ನಿಗೇ ಗ್ರಂಥಕಾರನು ನಾಡವರ ಬಲ್ಮೆಯನ್ನು ವಿವರಿಸುತ್ತಾನೆ: ಅವರು ಹದವರಿತು ನುಡಿಯಬಲ್ಲರು, ನುಡಿದುದನ್ನು ಗ್ರಹಿಸಿ ಪರಿಶೀಲಿಸಬಲ್ಲರು, ವಿಧಿವತ್ತಾದ ಓದಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ಪಳಗಿದವರು. ಗ್ರಹಿಕೆ ಮೊದಲು, ಪರಿಶೀಲನೆ ಅನಂತರ ಎಂಬ ಈ ಕ್ರಮವೇ ನಮ್ಮ ತರಗತಿಗಳಲ್ಲಿ ತಲೆಕೆಳಗಾಗಿದೆ. ಉಪಮೆ, ರೂಪಕ, ಪ್ರಾಸ, ಧ್ವನಿಗಳ ಲಕ್ಷಣವಾಕ್ಯಗಳು ಮೊದಲು ಕಂಠಸ್ಥವಾಗುತ್ತವೆ. ಪದ್ಯವು ಕೇವಲ ಸಾಕ್ಷಿಯಾಗಿ ಹಿಂದೆ ನಿಲ್ಲುತ್ತದೆ.

1898ರಲ್ಲಿ ಕೆ. ಬಿ. ಪಾಠಕರ ಸಂಪಾದನೆಯಿಂದ ಬೆಳಕು ಕಂಡ ಈ ಕೃತಿಯು ದಂಡಿಯ ‘ಕಾವ್ಯಾದರ್ಶ’ಕ್ಕೆ ಋಣಿಯಾದುದು ನಿಜ. (ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆ ಇಲ್ಲಿ ಅಪ್ರಸ್ತುತ.) ಆದರೆ ದೋಷಪ್ರಕರಣದಲ್ಲಿ ಅದು ಅನುಸರಿಸುವ ಬೋಧನಕ್ರಮ ಗಮನಾರ್ಹ. ದೋಷವುಳ್ಳ ರಚನೆಯನ್ನು ಮುಂದಿಟ್ಟು, ಅದನ್ನೇ ತಿದ್ದಿ ತೋರಿಸಲಾಗುತ್ತದೆ. ಎರಡರ ಅಂತರವನ್ನು ಕಿವಿ ಗುರುತಿಸಿದ ಮೇಲೆಯೇ ಪರಿಭಾಷೆಗೆ ಅರ್ಥ. ಸಂಸ್ಕೃತ ಹಾಗೂ ಕನ್ನಡ ಪದಗಳ ಸಲ್ಲದ ಸಮಾಸವನ್ನು ಕುದಿಯುವ ಹಾಲಿಗೆ ಬಿದ್ದ ಮಜ್ಜಿಗೆಯ ಹನಿಗೆ ಹೋಲಿಸಿರುವುದನ್ನೇ ನೋಡಬಹುದು. ಇದರಲ್ಲಿ ದೋಷದ ವಿವರಣೆಯೂ ಉಪಮೆಯ ಉದಾಹರಣೆಯೂ ಏಕಕಾಲಕ್ಕೆ ದೊರೆಯುತ್ತವೆ. ಹಾಲು ಒಡೆಯುವುದನ್ನು ಕಾಣದ ವಿದ್ಯಾರ್ಥಿ ಈ ಸೀಮೆಯಲ್ಲಿಲ್ಲ. ಎಲ್ಲ ಉಪಮಾನಗಳಿಗೂ ಈ ಭಾಗ್ಯವಿಲ್ಲವೆಂಬುದು ಬೇರೆ ಮಾತು: ತುಂಗಭದ್ರೆಯ ಕಾಲುವೆ ಹರಿಯುವ ಗಂಗಾವತಿಯ ಹುಡುಗನಿಗೆ ಸಹಜವಾದ ಭತ್ತದ ಗದ್ದೆಯ ಚಿತ್ರವು ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯ ಹುಡುಗಿಗೆ ವಿವರಣೆಯನ್ನು ಬೇಡುತ್ತದೆ.

ಪರಿಭಾಷೆಯು ಸ್ಥಿರವೆಂಬ ಭಾವನೆಯೂ ಸರಿಯಲ್ಲ. ಕವಿರಾಜಮಾರ್ಗಕಾರನು ಧ್ವನಿಯನ್ನು ಅಲಂಕಾರಗಳಲ್ಲೊಂದಾಗಿ ಎಣಿಸಿದರೆ, ಸರಿಸುಮಾರು ಅದೇ ಶತಮಾನದ ಕಾಶ್ಮೀರದ ಆನಂದವರ್ಧನನು ಅದನ್ನು ಕಾವ್ಯದ ಆತ್ಮವೆಂದನು. ನಮ್ಮ ಕೈಪಿಡಿಗಳು ಸಾಮಾನ್ಯವಾಗಿ ಎರಡನೆಯದನ್ನಷ್ಟೇ ನೀಡಿ ಮುಗಿಸುತ್ತವೆ.

ಈ ಪ್ರದೇಶಕ್ಕೆ ವಿಶಿಷ್ಟವಾದ ತೊಡಕು ಇನ್ನೊಂದಿದೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಇಲ್ಲಿ ಉರ್ದು ಆಡಳಿತದ ಹಾಗೂ ಶಿಕ್ಷಣದ ಭಾಷೆಯಾಗಿತ್ತು. ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ದ್ಯಾಂಪುರದ ಸಿದ್ದಯ್ಯ ಪುರಾಣಿಕರು (1918–1994) ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ‘ಕಾವ್ಯಾನಂದ’ರೆಂಬ ಹೆಸರಿನಲ್ಲಿ ಕನ್ನಡದ ಕವಿಯಾದರು. ಮೊಹರಂ ಸಂದರ್ಭದ ರಿವಾಯತ್ ಪದಗಳಲ್ಲಂತೂ ಅರಬ್ಬಿ, ಫಾರಸಿ ಮೂಲದ ಶಬ್ದಗಳು ಕನ್ನಡದೊಡನೆ ನಿರಾಯಾಸವಾಗಿ ಬೆರೆಯುತ್ತವೆ. ಹಾಲು-ಮಜ್ಜಿಗೆಯ ನಿಯಮವನ್ನು ಯಾಂತ್ರಿಕವಾಗಿ ಅನ್ವಯಿಸಿದರೆ ಈ ಪದಗಳೆಲ್ಲವೂ ಸದೋಷವೆನಿಸಬೇಕು. ಇದು ತಪ್ಪು ಅನ್ವಯ. ಮೂಲನಿಯಮವು ಸಮಾಸರಚನೆಗೆ ಸಂಬಂಧಿಸಿದ್ದೇ ಹೊರತು ಎರವಲು ಶಬ್ದಗಳ ಬಳಕೆಗಲ್ಲ. ಆದುದರಿಂದ ವಿದ್ಯಾರ್ಥಿಯು ಒಂದು ರಿವಾಯತ್ ಪದವನ್ನು ಮೊದಲು ಕೇಳಿ, ಅದರಲ್ಲಿ ಹೇಳಿದುದೇನೆಂದು ತನ್ನ ಮಾತಿನಲ್ಲಿ ತಿಳಿಸಿ, ಯಾವ ಬೆರಕೆ ಕಿವಿಗೆ ಒಗ್ಗಿತು, ಯಾವುದು ಒಗ್ಗಲಿಲ್ಲ ಎಂಬುದನ್ನು ಗುರುತಿಸಬೇಕು. ದೋಷ, ಗುಣಗಳೆಂಬ ಹೆಸರುಗಳನ್ನು ಅಧ್ಯಾಪಕರು ಕಪ್ಪುಹಲಗೆಯ ಮೇಲೆ ಆಮೇಲೆ ಬರೆದರೆ ಸಾಕು.